ಆ ನಟ್ ಬಿಚ್ಚೋ ಮುಂಚೆ ಇದನ್ನ ಓದು ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ನೀನು ಸಿಟ್ಟಲ್ಲಿ ಫೋನ್ ಇಟ್ಮೇಲೆ ನಂಗೆ ನಿದ್ದೆ ಹತ್ಲಿಲ್ಲ. ನೀನು ಕೇಳಿದ್ದು ಒಂದೇ ಮಾತು, ಹಿಂದಿನ ಚಕ್ರದ ಹತ್ರ ಬ್ರೇಕ್ ಪೈಪಿನ ನಟ್ ಅಲ್ಲಾಡ್ತಾನೇ ಇಲ್ಲ ಏನ್ಮಾಡ್ಲಿ ಅಪ್ಪಾ ಅಂತ. ನಾನು ಅದಕ್ಕೆ ಉತ್ತರ ಹೇಳೋದು ಬಿಟ್ಟು "ಅದು ನಿನ್ ಕೈಲಾಗೋ ಕೆಲ್ಸ ಅಲ್ಲ, ಮುಟ್ಬೇಡ, ಮೆಕ್ಯಾನಿಕ್ ಕರೆಸು" ಅಂದ್ಬಿಟ್ಟೆ. ಮಗ ಕೇಳಿದ್ರೂ ಹಿಂಗೇ ಅಂತಿದ್ರಾ ಅಂದ್ಯಲ್ಲ, ಆ ಮಾತು ಇನ್ನೂ ಎದೇಲಿದೆ. ತಪ್ಪಾಯ್ತು ಮಗಳೇ. ಆದ್ರೆ ಆಗ ನನ್ನ ಕಣ್ಮುಂದೆ ಬಂದಿದ್ದು ನೀನು ಹುಡುಗಿ ಅನ್ನೋದಲ್ಲ, ನಾನು ಒಂದ್ಸಲ ಮಾಡಿದ ಕೆಲ್ಸ.

ಇಳಿಜಾರಲ್ಲಿ ನಮ್ಮ ಕಾರು ನಿಲ್ದೇ ಹೋದ ದಿನ ನಿಂಗೂ ನೆನಪಿದೆ, ಅದನ್ನ ಮತ್ತೆ ಹೇಳಲ್ಲ. ಅದಕ್ಕೆ ಒಂದು ವಾರ ಮುಂಚೆ ಏನಾಗಿತ್ತು ಅನ್ನೋದು ನಿಂಗೆ ಗೊತ್ತಿಲ್ಲ. ಅಮ್ಮಂಗೂ ಹೇಳಿಲ್ಲ.

ಬ್ರೇಕ್ ಹೋಸ್, ಅಂದ್ರೆ ಲೋಹದ ಪೈಪಿನ ತುದಿಗೆ ಸೇರೋ ರಬ್ಬರ್ ಕೊಳವೆ, ಬದಲಾಯಿಸ್ಬೇಕಿತ್ತು. ನಿಂದೇ ಥರದ ನಟ್, ತುಕ್ಕು ಹಿಡಿದು ಕೂತಿತ್ತು. ನಾನು 10 ಎಂಎಂ ಮಾಮೂಲಿ ಸ್ಪ್ಯಾನರ್ ಹಾಕಿ ಜೋರಾಗಿ ಎಳೆದೆ, ಎರಡೇ ಎಳೆತಕ್ಕೆ ನಟ್ಟಿನ ಮೂಲೆಗಳೆಲ್ಲ ಸವೆದು ದುಂಡಗಾಯ್ತು. ಸಿಟ್ಟು ಬಂತು, ವೈಸ್ ಗ್ರಿಪ್ (ಕಚ್ಚಿದ್ಮೇಲೆ ಲಾಕ್ ಆಗೋ ಇಕ್ಕಳ) ಕಚ್ಚಿಸಿ ತಿರುಗಿಸಿದೆ. ತಿರುಗ್ತು! ಎಷ್ಟು ಖುಷಿ ಆಯ್ತು ಅಂದ್ರೆ ಪೈಪ್ ಕಡೆ ನೋಡ್ಲೇ ಇಲ್ಲ. ಆ ನಟ್ ಒಳಗಡೆ ಪೈಪಿಗೇ ತುಕ್ಕಲ್ಲಿ ಅಂಟ್ಕೊಂಡಿತ್ತು ಪುಟ್ಟಿ, ನಟ್ ಜೊತೆ ಪೈಪೂ ತಿರುಗಿತ್ತು. ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದು ಸುರುಳಿ, ಮೇಲಿನ ಕೋಟಿಂಗ್ ಚಕ್ಕೆ ಎದ್ದು ಒಳಗಿನ ಲೋಹ ಬೆಳ್ಳಗೆ ಮಿಂಚ್ತಿತ್ತು. ಬೆರಳಿಟ್ಟು ಸವರಿ ನೋಡ್ದೆ. ಒಣಗಿತ್ತು. ಸೋರ್ತಿಲ್ವಲ್ಲ ಅಂತ ಹೊಸ ಹೋಸ್ ಹಾಕಿ ಅದೇ ಪೈಪನ್ನೇ ಮತ್ತೆ ಬಿಗಿದೆ. ಬ್ಲೀಡ್ ಮಾಡಿ, ಅಂದ್ರೆ ಪೈಪಲ್ಲಿ ಸೇರಿದ್ದ ಗಾಳಿ ಹೊರಗೆ ಬಿಟ್ಮೇಲೆ, ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇತ್ತು, ಸರಿಹೋಯ್ತು ಅಂದ್ಕೊಂಡೆ.

ವಾರ ಕಳೆದ್ಮೇಲೆ ನೀನು ಹಿಂದಿನ ಸೀಟಲ್ಲಿ ಕೂತಿದ್ದಾಗ ಆ ಸುರುಳಿ ಇದ್ದ ಜಾಗದಲ್ಲೇ ಪೈಪ್ ಬಿರುಕು ಬಿಡ್ತು. ಕಾರಲ್ಲಿ ಬ್ರೇಕ್ ಎರಡು ಸರ್ಕ್ಯೂಟ್ ಆಗಿ ಇರುತ್ತೆ, ಒಂದು ಹೋದ್ರೂ ಇನ್ನೊಂದು ಅರ್ಧಂಬರ್ಧ ಹಿಡಿಯುತ್ತೆ, ಅದೂ ಹ್ಯಾಂಡ್ ಬ್ರೇಕೂ ಸೇರಿ ನಾವು ಉಳಿದ್ವಿ. ನೀನು ಆಮೇಲೆ "ಅಪ್ಪ ಎಷ್ಟು ಚೆನ್ನಾಗಿ ನಿಲ್ಸಿದ್ರು" ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ದೆ. ನಾನು ಸುಮ್ನಿದ್ದೆ. ಆ ಪೈಪನ್ನ ಕೈಯಲ್ಲಿ ಹಿಡಿದು ನೋಡಿ, ಸುರುಳಿ ಕಂಡು, ಗೊತ್ತಿದ್ದೂ ಗೊತ್ತಿದ್ದೂ ಹಾಕಿದ್ದು ನಾನೇ. ಇವತ್ತಿಗೂ ಬ್ರೇಕ್ ಒತ್ತುವಾಗ ಒಂದು ಕ್ಷಣ ಕಾಲು ಪೆಡಲ್ ಎಷ್ಟು ಕೆಳಗೆ ಹೋಯ್ತು ಅಂತ ಅಳೆಯುತ್ತೆ.

ಅದಕ್ಕೇ ಇಷ್ಟು ಹೇಳ್ತಿರೋದು. ಮೊದ್ಲು ಮಾಮೂಲಿ ಸ್ಪ್ಯಾನರ್ ಪಕ್ಕಕ್ಕಿಡು, ಅದು ನಟ್ಟಿನ ಎರಡೇ ಮುಖ ಹಿಡಿಯೋದು. ಫ್ಲೇರ್ ನಟ್ ಸ್ಪ್ಯಾನರ್ ತಗೋ, ಪೈಪ್ ತೂರೋಷ್ಟು ಬಾಯಿ ಬಿಟ್ಟು ಉಳಿದ ಸುತ್ತೆಲ್ಲ ಕಚ್ಚುತ್ತೆ. ವೈರ್ ಬ್ರಷ್ಷಲ್ಲಿ ತುಕ್ಕು ಉಜ್ಜಿ, ತುಕ್ಕು ಬಿಡಿಸೋ ಸ್ಪ್ರೇನ ನಟ್ಟಿನ ಹಿಂದೆ ಪೈಪ್ ಒಳಗೆ ಹೋಗುತ್ತಲ್ಲ ಆ ಸಂದಿಗೂ ಹೊಡಿ, ಎಲ್ರೂ ಮರೆಯೋದು ಅಲ್ಲೇ, ಒಂದು ರಾತ್ರಿ ಬಿಡು, ಬೆಳಿಗ್ಗೆ ಇನ್ನೊಂದ್ಸಲ ಹೊಡಿ. ಬಿಚ್ಚೋ ಮುಂಚೆ ಒಂಚೂರು ಬಿಗಿ ಕಡೆಗೆ ತಿರುಗಿಸು, ಆಮೇಲೆ ಸಡಿಲ, ಮತ್ತೆ ಬಿಗಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ. ಹೋಸಿನ ತುದೀನ ಇನ್ನೊಂದು ಸ್ಪ್ಯಾನರಲ್ಲಿ ಹಿಡ್ಕೊಂಡಿರು.

ಇನ್ನೊಂದು, ಇದನ್ನ ಮಾತ್ರ ಮರೀಬೇಡ. ಮಾರ್ಕರ್ ಪೆನ್ನಲ್ಲಿ ನಟ್ ಮೇಲಿಂದ ಪೈಪ್ ಮೇಲಕ್ಕೆ ಒಂದು ನೇರ ಗೆರೆ ಎಳಿ. ನಟ್ ತಿರುಗಿದಾಗ ಗೆರೆ ಅಲ್ಲೇ ತುಂಡಾದ್ರೆ ನಟ್ ಬಿಟ್ಕೊಂಡಿದೆ ಅಂತ ಅರ್ಥ. ಗೆರೆ ನೇರವಾಗೇ ಇದ್ದು ಎರಡೂ ಜೊತೆಗೆ ತಿರುಗ್ತಿದ್ರೆ ಅಲ್ಲೇ ಕೈ ಬಿಡು. ಎರಡು ದಿನ ಸ್ಪ್ರೇ ಹೊಡೆದು ಮತ್ತೆ ನೋಡು. ಆಗ್ಲೂ ಬರ್ಲಿಲ್ವಾ, ಪೈಪನ್ನ ನಟ್ ಬುಡದಲ್ಲೇ ಕತ್ತರಿಸ್ಬಿಡು, ಉಳಿದ ನಟ್ಟಿಗೆ ಆರು ಮೂಲೆ ಸಾಕೆಟ್ ಪೂರ್ತಿ ಕೂರುತ್ತೆ, ಸಾಮಾನ್ಯವಾಗಿ ಬಂದೇ ಬರುತ್ತೆ. ಪೈಪ್ ಹೋದ್ರೆ ಹೋಗ್ಲಿ ಬಿಡು. ಬೆಂಕಿ ತೋರಿಸೋಕೆ ಮಾತ್ರ ಹೋಗ್ಬೇಡ, ಬ್ರೇಕ್ ಆಯಿಲ್ ಹೊತ್ಕೊಳ್ಳುತ್ತೆ, ಪೆಟ್ರೋಲ್ ಟ್ಯಾಂಕೂ ಹಿಂದೇನೇ ಇರೋದು, ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಬಿದ್ರೆ ಬರೋ ಹೊಗೆ ವಿಷ.

ಹೊಸ ಪೈಪ್ ಮಾಡಿಸುವಾಗ ತುದಿಯ ಫ್ಲೇರ್, ಅಂದ್ರೆ ಅಗಲ ಮಾಡಿದ ಬಾಯಿ, ಹಳೇದರ ಥರವೇ ಇರ್ಬೇಕು. ಡಬಲ್ ಫ್ಲೇರ್ (ಅಂಚು ಒಳಕ್ಕೆ ಮಡಚಿದ್ದು) ಇದ್ದ ಕಡೆ ಬಬಲ್ ಫ್ಲೇರ್ (ಗುಳ್ಳೆ ಥರ ಉಬ್ಬಿದ್ದು) ಕೂರಲ್ಲ, ಕೂತ ಹಾಗೆ ಕಂಡ್ರೂ ಸೋರುತ್ತೆ. ಮಧ್ಯದಲ್ಲಿ ಕಂಪ್ರೆಷನ್ ಜಾಯಿಂಟ್ (ಫ್ಲೇರ್ ಇಲ್ದೇ ಬರೀ ಉಂಗುರ ಬಿಗಿದು ಹಿಡಿಸೋದು) ಹಾಕಿ ಸೇರಿಸ್ತೀವಿ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನು. ಆಯಿಲ್ ಹೊಸ ಡಬ್ಬಿಯದೇ ಹಾಕು, ಬಿಚ್ಚಿಟ್ಟ ಡಬ್ಬಿ ಗಾಳೀಲಿರೋ ನೀರು ಹೀರುತ್ತೆ, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗಾದ್ರೂ ಕುದಿಯಬಾರ್ದು, ನೀರು ಸೇರಿದ್ರೆ 155ಕ್ಕೇ ಕುದೀಬಹುದು, ಕುದಿದ್ರೆ ಪೆಡಲ್... ಸರಿ, ಮತ್ತೆ ಅಲ್ಲಿಗೇ ಬಂದೆ. ಪೇಂಟ್ ಮೇಲೆ ಚೆಲ್ಲಿದ್ರೆ ತಕ್ಷಣ ನೀರಲ್ಲಿ ತೊಳಿ.

ಪಾಠ ಮಾಡಲ್ಲ ಅಂತ ಶುರು ಮಾಡಿ ಪಾಠವೇ ಆಯ್ತು. ನೀನು ಕಳ್ಸಿದ ಫೋಟೋ ಇವತ್ತು ದೊಡ್ಡದು ಮಾಡಿ ನೋಡ್ದೆ. ಕಾರನ್ನ ಬರೀ ಜ್ಯಾಕ್ ಮೇಲೆ ಬಿಡದೆ ಸ್ಟ್ಯಾಂಡ್ ಇಟ್ಟಿದೀಯ, ಮುಂದಿನ ಚಕ್ರಕ್ಕೆ ತಡೆ ಕೊಟ್ಟಿದೀಯ, ನಟ್ಟಿನ ಮೂಲೆಗಳು ಇನ್ನೂ ಚೂಪಾಗೇ ಇವೆ. ಅಂದ್ರೆ ಬರ್ತಿಲ್ಲ ಅಂತ ಗೊತ್ತಾದ ತಕ್ಷಣ ನಿಲ್ಸಿದೀಯ, ನಿಲ್ಸಿ ನಂಗೆ ಫೋನ್ ಮಾಡಿದೀಯ. ಅಷ್ಟು ತಾಳ್ಮೆ ನಂಗೆ ಆವತ್ತು ಇರ್ಲಿಲ್ಲ. ಅಮ್ಮಂಗೆ ಆ ಫೋಟೋ ಎರಡು ಸಲ ತೋರಿಸ್ದೆ.

ಬ್ಲೀಡ್ ಮಾಡೋಕೆ ಹೆಂಗೂ ಇನ್ನೊಬ್ರು ಬೇಕಾಗ್ತಾರೆ. ಭಾನುವಾರ ನಾನು ಬರ್ಲಾ? ಸ್ಪ್ಯಾನರ್ ಮುಟ್ಟಲ್ಲ, ನೀನು ಒತ್ತಿ ಅಂದಾಗ ಒತ್ತಿ ಬಿಡಿ ಅಂದಾಗ ಬಿಡ್ತಾ ಪೆಡಲ್ ಹತ್ರ ಕೂತಿರ್ತೀನಿ.

ನಿನ್ನ ಅಪ್ಪ