‘ಫೇರ್ಲಿ’ ಹೊಡೆದುಹಾಕುವ ಮುಂಚೆ

ಸಂಪಾದಕರೇ,

ಕ್ವೈಟ್, ರಾದರ್, ಫೇರ್ಲಿ, ಪ್ರೆಟಿ ಎಲ್ಲ ಒಂದೇ, ಎಲ್ಲಕ್ಕೂ ‘ಸ್ವಲ್ಪ ಮಟ್ಟಿಗೆ’ ಅಂತಲೇ ಅರ್ಥ, ಬರೆಯುವಾಗ ಕಂಡಲ್ಲೆಲ್ಲ ಹೊಡೆದುಹಾಕಿ ಎಂದು ನಿಮ್ಮ ಇಂಗ್ಲಿಷ್ ಕಲಿಕೆ ಅಂಕಣದಲ್ಲಿ ಓದಿದೆ. ಅರ್ಧ ಒಪ್ಪುತ್ತೇನೆ. ಅಳುಕಿಗೆ ವಾಕ್ಯಕ್ಕೊಂದರಂತೆ ಸುಮ್ನೆ ತುರುಕುವವರಿದ್ದಾರೆ, ನಾನೂ ತುರುಕಿದವನೇ. ಆದರೆ ಎಲ್ಲ ಒಂದೇ ಅನ್ನುವುದು ತಪ್ಪು.

ಒಮ್ಮೆ ಪರೀಕ್ಷಾ ವರದಿಯಲ್ಲಿ ಫಲಿತಾಂಶ ‘ಫೇರ್ಲಿ ರಿಲಯಬಲ್’, ಅಂದರೆ ತಕ್ಕಮಟ್ಟಿಗೆ ನಂಬಬಹುದು, ಎಂದು ಬರೆದಿದ್ದೆ. 20 ಸಲ ಅಳೆದರೆ 3 ಸಲ ಅಂಕಿ ಬೇರೆ ಬಂದಿತ್ತು, ಆ ಪದ ಹಾಕಿದ್ದೇ ಅದಕ್ಕೆ. ಮೇಲಿನವರು ಕೆಂಪು ಪೆನ್ನಲ್ಲಿ ‘ಫೇರ್ಲಿ’ ಹೊಡೆದು, ‘ಧೈರ್ಯವಾಗಿ ಬರೀರಿ’ ಅಂದರು. ಉಳಿದದ್ದು ಬರೀ ‘ರಿಲಯಬಲ್’. ಗ್ರಾಹಕರು ಅದನ್ನೇ ನಂಬಿದರು, ಅಂಕಿ ಕೈಕೊಟ್ಟ ದಿನ ಬೈಸಿಕೊಂಡವನು ನಾನು. ಪೆನ್ನು ಯಾರದ್ದೋ, ಸಹಿ ನನ್ನದು!

ಅದೇ ಜಾಗದಲ್ಲಿ ‘ರಾದರ್’ ಹಾಕಿದ್ದರೆ ದನಿಯೇ ಬೇರೆಯಾಗುತ್ತಿತ್ತು. ‘ಫೇರ್ಲಿ ವಾರ್ಮ್’ ಅಂದರೆ ಸಾಮಾನ್ಯವಾಗಿ ಹಿತವಾದ ಬಿಸಿ, ‘ರಾದರ್ ವಾರ್ಮ್’ ಅಂದರೆ ಹೆಚ್ಚಾಗಿ ‘ಯಾಕೋ ಬಿಸಿ ಜಾಸ್ತಿಯಾಯ್ತು’ ಅನ್ನುವ ಗೊಣಗಾಟ. ‘ರಾದರ್ ಬೆಟರ್’ ಎನ್ನಬಹುದು, ‘ಫೇರ್ಲಿ ಬೆಟರ್’ ಎಂದು ಯಾರೂ ಬರೆಯುವುದಿಲ್ಲ. ‘ಪ್ರೆಟಿ’ ಮಾತಿಗೆ ಸರಿ, ವರದಿಗೆ ಬೇಡ. ‘ಎ ಬಿಟ್’ ಹೆಚ್ಚಾಗಿ ದೂರು ಹೇಳುವಾಗ ಬರುತ್ತದೆ, ಅದೂ ‘ಈಸ್’ನಂಥ ಕ್ರಿಯಾಪದದ ನಂತರ, ನಾಮಪದದ ಹಿಂದೆ ವಿಶೇಷಣದ ಜೊತೆಗೆ ಅಲ್ಲ: ‘ದಿ ರಿಪೋರ್ಟ್ ಈಸ್ ಎ ಬಿಟ್ ಲಾಂಗ್’ ಸರಿ, ‘ಎ ಬಿಟ್ ಲಾಂಗ್ ರಿಪೋರ್ಟ್’ ತಪ್ಪು. ನಮ್ಮವರು ಜಾಸ್ತಿ ಎಡವುವುದು ಇಲ್ಲೇ, ಯಾಕಂದರೆ ಕನ್ನಡದಲ್ಲಿ ‘ಸ್ವಲ್ಪ ಉದ್ದದ ವರದಿ’ ಅಂದರೆ ಯಾರೂ ತಕರಾರು ಮಾಡುವುದಿಲ್ಲ ಅಲ್ವಾ?

ಎಲ್ಲಕ್ಕಿಂತ ತರಲೆ ‘ಕ್ವೈಟ್’. ಅಮೆರಿಕದವರು ‘ಕ್ವೈಟ್ ಗುಡ್’ ಎಂದು ಬರೆದರೆ ಸಾಮಾನ್ಯವಾಗಿ ಬಹಳ ಚೆನ್ನಾಗಿದೆ ಅಂತ, ಬ್ರಿಟನ್ನಿನವರು ಬರೆದರೆ ಎಷ್ಟೋ ಸಲ ‘ಪರವಾಗಿಲ್ಲ’ ಅಂತ ಅಷ್ಟೆ. ಬ್ರಿಟನ್ನಿನ ಸಹೋದ್ಯೋಗಿ ನನ್ನ ಕರಡಿನ ಕೆಳಗೆ ಹಾಗೆ ಬರೆದದ್ದನ್ನು ಹೊಗಳಿಕೆ ಎಂದುಕೊಂಡು ಎರಡು ದಿನ ಬೀಗಿದ್ದೆ, ಆಮೇಲೆ ತಿದ್ದುಪಡಿಗಳ ಪಟ್ಟಿ ಬಂತು. ಇಷ್ಟೂ ಸಾಲದು ಅಂತ ‘ಕ್ವೈಟ್ ಇಂಪಾಸಿಬಲ್’ ಅಂದರೆ ಎರಡೂ ಕಡೆ ಪೂರ್ತಿ ಅಸಾಧ್ಯ. ನಮಗೆ ಇದೇನು ಹೊಸದಲ್ಲ. ‘ಸಿನಿಮಾ ಸುಮಾರಾಗಿದೆ’ ಅಂದರೆ ಅಷ್ಟಕ್ಕಷ್ಟೆ, ‘ಸುಮಾರು ಜನ ಬಂದಿದ್ದರು’ ಅಂದರೆ ಒಳ್ಳೇ ಗುಂಪು. ಈ ಹೋಲಿಕೆ ಕೊಟ್ಟಿದ್ದರೆ ಓದುಗರಿಗೆ ಬೇಗ ಹತ್ತುತ್ತಿತ್ತು.

ಮುಂದಿನ ಕಂತಿನಲ್ಲಿ ‘ಹೊಡೆದುಹಾಕಿ’ ಎನ್ನುವ ಬದಲು, ಪದ ತೆಗೆದ ಮೇಲೆ ಹೇಳಿದ್ದು ಇನ್ನೂ ನಿಜವಾಗಿದೆಯಾ ನೋಡಿ ಎಂದು ಒಂದು ಸಾಲು ಸೇರಿಸಿ. ನಮ್ಮ ಮೇಲಿನವರೂ ನಿಮ್ಮ ಅಂಕಣ ಓದುತ್ತಾರೆ.

— ಒಬ್ಬ ಓದುಗ