ಪ್ರಬಂಧದ ಹೆಸರಷ್ಟೇ ಓದಿ ನಕ್ಕರೆ ಹೇಗೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ‘ಇದಕ್ಕೂ ಪಿಎಚ್‌ಡಿ ಕೊಡ್ತಾರಾ?’ ಅನ್ನುವ ಬರಹ ಓದಿದೆ. ಕಪ್ಪೆಯ ಕೂಗು, ಬಸ್ ನಿಲ್ದಾಣದ ಗೋಡೆಬರಹ, ಲಾಲಿ ಹಾಡಿನಲ್ಲಿ ಬರುವ ಚಂದ್ರ, ಹೀಗೆ ಒಂದಷ್ಟು ಸಂಶೋಧನೆಗಳ ಹೆಸರು ಕೊಟ್ಟು ಪ್ರತಿಯೊಂದಕ್ಕೂ ಒಂದು ಚಟಾಕಿ ಹಾರಿಸಿದ್ದರು. ಎರಡು ಕಡೆ ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಬರೆದವರು ಆ ಪ್ರಬಂಧಗಳಲ್ಲಿ ಒಂದನ್ನಾದರೂ ತೆರೆದು ನೋಡಿದ ಹಾಗೆ ಕಾಣಲಿಲ್ಲ.

ನಾನು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಪಿಎಚ್‌ಡಿ ಪ್ರಬಂಧಗಳ ವಿಭಾಗ ನೋಡಿಕೊಳ್ಳುತ್ತೇನೆ. ಇಲ್ಲಿ ಪ್ರಬಂಧಗಳನ್ನು ವಿಷಯದ ಪ್ರಕಾರ ಅಲ್ಲ, ಬಂದ ಕ್ರಮದಲ್ಲಿ ನಂಬರ್ ಹಾಕಿ ಜೋಡಿಸುತ್ತೇವೆ. ಹಾಗಾಗಿ ಹೃದಯದ ಕವಾಟದ ಪಕ್ಕದಲ್ಲಿ ಗಾದೆಗಳು ಕೂತಿರುತ್ತವೆ. ಅದರ ಪಕ್ಕ ಸಿಮೆಂಟಿನ ಬಿರುಕು, ಆಮೇಲೆ ಮನೆಗೆಲಸದವರ ಕೂಲಿ, ಆಮೇಲೆ ಯಾವುದೋ ಸಮೀಕರಣ, ಅದರಲ್ಲಿ ನನಗೆ ಅರ್ಥವಾಗುವುದು ಸಮ ಚಿಹ್ನೆ ಮಾತ್ರ. ಎಲ್ಲಕ್ಕೂ ಒಂದೇ ಥರದ ರೆಕ್ಸಿನ್ ಬೈಂಡು, ಅದೇ ಬಂಗಾರದ ಅಕ್ಷರ. ಮನುಷ್ಯರು ಎಷ್ಟು ಬಗೆಯ ವಿಷಯಗಳಿಗೆ ತಲೆ ಕೆಡಿಸಿಕೊಳ್ಳುತ್ತಾರೆ ಅನ್ನುವುದು ಗೊತ್ತಾಗಬೇಕಾದರೆ ಈ ಕಪಾಟುಗಳ ಮುಂದೆ ಅರ್ಧ ಗಂಟೆ ನಿಂತರೆ ಸಾಕು.

ಕಪ್ಪೆಯ ವಿಷಯಕ್ಕೆ ಬರುತ್ತೇನೆ. ನೋಡಲು ಒಂದೇ ಥರ ಇರುವ ಎರಡು ಕಪ್ಪೆಗಳು ಬೇರೆ ಬೇರೆ ಜಾತಿಯವಾಗಿರಬಹುದು. ಕೈಯಲ್ಲಿ ಹಿಡಿದರೂ ಗೊತ್ತಾಗದ ಆ ವ್ಯತ್ಯಾಸ ಎಷ್ಟೋ ಸಲ ಸಿಕ್ಕಿಬೀಳುವುದು ಕೂಗಿನಲ್ಲಿ. ಹೆಣ್ಣು ಕಪ್ಪೆ ತನ್ನ ಜಾತಿಯ ಗಂಡನ್ನು ಗುರುತಿಸುವುದೇ ಅದರಿಂದ. ಸಂಶೋಧನೆ ಮಾಡುವ ಹುಡುಗನೋ ಹುಡುಗಿಯೋ ಮಳೆಗಾಲದ ರಾತ್ರಿ ಮೊಣಕಾಲು ನೀರಿನಲ್ಲಿ ನಿಂತು, ಮೈಕ್ ಹಿಡಿದು, ಉಸಿರು ಬಿಗಿಹಿಡಿದು ರೆಕಾರ್ಡ್ ಮಾಡಬೇಕು. ಪ್ರತಿ ರೆಕಾರ್ಡಿಂಗ್ ಜೊತೆ ಆ ಹೊತ್ತಿನ ಉಷ್ಣತೆಯನ್ನೂ ಬರೆದುಕೊಳ್ಳಬೇಕು. ಯಾಕೆಂದರೆ ಚಳಿ ಹೆಚ್ಚಾದರೆ ಕೂಗಿನ ಬಡಿತ ನಿಧಾನವಾಗುತ್ತದೆ. ಅದನ್ನು ಬರೆಯದಿದ್ದರೆ ಒಂದೇ ಕಪ್ಪೆಯನ್ನು ಎರಡು ಜಾತಿ ಅಂತ ಲೆಕ್ಕ ಹಾಕುವ ಅಪಾಯ ಇರುತ್ತದೆ. ಕಪ್ಪೆಯ ಚರ್ಮ ನೀರನ್ನೂ ಅದರಲ್ಲಿರುವ ವಿಷವನ್ನೂ ಹೀರಿಕೊಳ್ಳುತ್ತದೆ. ನೀರು ಕೆಟ್ಟರೆ ಮೊದಲು ಪೆಟ್ಟು ತಿನ್ನುವ ಜೀವಿಗಳಲ್ಲಿ ಅದೂ ಒಂದು. ಅಂದಮೇಲೆ ಎಲ್ಲಿ ಎಷ್ಟು ಜಾತಿ ಕೂಗುತ್ತಿವೆ ಅನ್ನುವ ಲೆಕ್ಕ ಸುಮ್ನೆ ಕಾಲಹರಣ ಅಲ್ಲ, ಅಲ್ವಾ?

ಸಂಶೋಧನೆಯನ್ನು ಗೇಲಿ ಮಾಡುವುದು ಹೊಸದೇನಲ್ಲ. ಅಮೆರಿಕದಲ್ಲಿ ವಿಲಿಯಂ ಪ್ರಾಕ್ಸ್‌ಮೈರ್ ಅನ್ನುವ ಸೆನೆಟರ್ 1975ರಿಂದ 1988ರವರೆಗೆ ‘ಗೋಲ್ಡನ್ ಫ್ಲೀಸ್’ ಅಂತ ಒಂದು ಅಣಕು ಪ್ರಶಸ್ತಿ ಕೊಡುತ್ತಿದ್ದರು. ಸರ್ಕಾರದ ಹಣ ಪೋಲಾಗಿದೆ ಅಂತ ಅವರಿಗೆ ಕಂಡದ್ದಕ್ಕೆಲ್ಲ ಅದು ಸಿಗುತ್ತಿತ್ತು. ಮೊದಲನೆಯದು ಸಿಕ್ಕಿದ್ದು ಜನ ಯಾಕೆ ಪ್ರೀತಿಯಲ್ಲಿ ಬೀಳುತ್ತಾರೆ ಅನ್ನುವ ಅಧ್ಯಯನಕ್ಕೆ ಹಣ ಕೊಟ್ಟವರಿಗೆ. ಇದಕ್ಕೆ ಉತ್ತರ ಅನ್ನುವ ಹಾಗೆ 2012ರಲ್ಲಿ ಅಲ್ಲೇ ‘ಗೋಲ್ಡನ್ ಗೂಸ್’ ಪ್ರಶಸ್ತಿ ಶುರುವಾಯಿತು. ಹೆಸರು ಕೇಳಿದರೆ ನಗು ತರಿಸುವ, ಆದರೆ ಆಮೇಲೆ ಜಗತ್ತಿಗೆ ಉಪಕಾರವಾದ ಸಂಶೋಧನೆಗಳಿಗೆ ಅದು ಮೀಸಲು.

2013ರಲ್ಲಿ ಅದನ್ನು ಪಡೆದವರಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಇದ್ದರು. 1966ರಲ್ಲಿ ಬ್ರಾಕ್ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಫ್ರೀಜ್ ಅಲ್ಲಿ ಇನ್ನೂ ಪದವಿ ಓದುತ್ತಿದ್ದ ಹುಡುಗ, ಪಿಎಚ್‌ಡಿ ಕೂಡ ಅಲ್ಲ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಯಿಂದ ತಂದ ಮಾದರಿಯಲ್ಲಿ ಏನಾದರೂ ಬದುಕಿದೆಯಾ ಅಂತ ನೋಡುವುದು ಅವರ ಕೆಲಸವಾಗಿತ್ತು. ಎಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರಾಮಾಗಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟರು. ಆ ಹೊತ್ತಿಗೆ ಅದರಿಂದ ಏನು ಉಪಯೋಗ ಅಂತ ಕೇಳಿದ್ದರೆ ಇಬ್ಬರ ಹತ್ತಿರವೂ ಉತ್ತರ ಇರುತ್ತಿರಲಿಲ್ಲ.

1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಪಿಸಿಆರ್ ವಿಧಾನ ಹೊಳೆಯಿತು. ಡಿಎನ್‌ಎಯ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಉಪಾಯ ಅದು. ಅದಕ್ಕೆ ದ್ರಾವಣವನ್ನು ಮತ್ತೆ ಮತ್ತೆ ಸುಮಾರು 95 ಡಿಗ್ರಿಗೆ ಕಾಯಿಸಿ ಆರಿಸಬೇಕು. ಪ್ರತಿ ಮಾಡುವ ಕಿಣ್ವ ಆ ಬಿಸಿಗೆ ಕೆಟ್ಟುಹೋಗುತ್ತಿತ್ತು. ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವ ಬಂದ ಮೇಲೆ ಆ ತಾಪತ್ರಯ ತಪ್ಪಿತು. ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಬಂತು. ಕೊರೊನಾ ಕಾಲದಲ್ಲಿ ನಮ್ಮೆಲ್ಲರ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬೇರು ಇಲ್ಲಿದೆ. ‘ಬಿಸಿನೀರಿನಲ್ಲಿ ಹುಳ ಹುಡುಕಲು ಹೋದ ವಿದ್ಯಾರ್ಥಿ’ ಅಂತ ಅವತ್ತು ಯಾರಾದರೂ ಚಟಾಕಿ ಹಾರಿಸಿದ್ದರೆ ಎಷ್ಟು ಚೆನ್ನಾಗಿ ಕೂರುತ್ತಿತ್ತು!

ಇದೆಲ್ಲ ಪ್ರಯೋಗಾಲಯದ ಕಥೆ ಅನ್ನಬಹುದು. ಹಾಗಾದರೆ ಜನರ ನಡುವಿನ ಕಥೆಯೊಂದು ಕೇಳಿ. ಅಮೆರಿಕದ ರಾಜಕೀಯ ವಿಜ್ಞಾನಿ ಎಲಿನೋರ್ ಆಸ್ಟ್ರಮ್ ಅವರು 1965ರಲ್ಲಿ ಪಿಎಚ್‌ಡಿ ಪಡೆದದ್ದು ಕ್ಯಾಲಿಫೋರ್ನಿಯಾದ ಒಂದು ಪ್ರದೇಶದ ಅಂತರ್ಜಲದ ಮೇಲೆ. ಎಲ್ಲರೂ ತಮ್ಮ ತಮ್ಮ ಬಾವಿಯಿಂದ ನೀರು ಎತ್ತುತ್ತಿದ್ದರು. ನೆಲದಡಿ ನೀರು ಇಳಿದು, ಸಮುದ್ರದ ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ‘ನಾನೊಬ್ಬ ಕಡಿಮೆ ಮಾಡಿದರೆ ಪಕ್ಕದವನು ಜಾಸ್ತಿ ಎತ್ತುತ್ತಾನೆ’ ಅನ್ನುವ ಅನುಮಾನದ ನಡುವೆಯೂ ಆ ಜನ ಸಂಘ ಕಟ್ಟಿಕೊಂಡು, ಕೋರ್ಟಿನ ಮೆಟ್ಟಿಲು ಹತ್ತಿ, ಮಾತುಕತೆ ನಡೆಸಿ, ಎಲ್ಲರೂ ಇಷ್ಟಿಷ್ಟು ಕಡಿಮೆ ಎತ್ತೋಣ ಅಂತ ಒಪ್ಪಂದಕ್ಕೆ ಬಂದರು. ಅದು ಹೇಗಾಯಿತು ಅಂತ ಆಸ್ಟ್ರಮ್ ಬಿಡಿಸಿ ನೋಡಿದರು. ಸರ್ಕಾರವೋ ಖಾಸಗಿಯವರೋ ಕೈಗೆ ತೆಗೆದುಕೊಳ್ಳದೆ ಜನರೇ ಹಂಚಿಕೊಂಡು ಬಾಳಬಹುದಾ ಅನ್ನುವ ಪ್ರಶ್ನೆಯನ್ನು ಆಮೇಲೂ ಬಿಡಲಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರೇ.

ಆದರೆ ನೊಬೆಲ್ ಕಥೆಗಳನ್ನೇ ಪೋಣಿಸುತ್ತಾ ಹೋದರೆ ಅದೂ ಒಂದು ಥರ ಮೋಸ. ನಮ್ಮ ಕಪಾಟಿನ ಬಹುಪಾಲು ಪ್ರಬಂಧಗಳಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ. ಜೊಳ್ಳೂ ಬೇಕಾದಷ್ಟಿದೆ. ಸ್ನೇಹಿತರ ಕೈಲೇ ಪ್ರಶ್ನಾವಳಿ ತುಂಬಿಸಿ ತಂದವರಿದ್ದಾರೆ. ಇನ್ನೊಬ್ಬರ ಅಧ್ಯಾಯ ಎತ್ತಿ, ನಕಲು ಹಿಡಿಯುವ ಸಾಫ್ಟ್‌ವೇರ್‌ಗೆ ಸಿಗದಂತೆ ಪದ ಬದಲಿಸಿದವರೂ ಇದ್ದಾರೆ. ಇಂಥವರ ಬಗ್ಗೆ ನಿಮ್ಮ ಪತ್ರಿಕೆ ದೊಡ್ಡದಾಗಿ ಬರೆಯಲಿ, ನನ್ನ ತಕರಾರಿಲ್ಲ. ಆದರೆ ಜೊಳ್ಳು ಪತ್ತೆಯಾಗುವುದು ಒಳಗಿನ ಪುಟಗಳಲ್ಲಿ. ಭಾರೀ ಗಂಭೀರವಾದ ಶೀರ್ಷಿಕೆಯ ಕೆಳಗೆ ಏನೂ ಇರದಿರಬಹುದು. ಅದರ ಮೇಲೆ ಚಟಾಕಿ ಹಾರಿಸಲು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಪ್ರಶಸ್ತಿ ಇಲ್ಲದ ಪ್ರಬಂಧವೂ ಕೆಲಸಕ್ಕೆ ಬರುತ್ತದೆ. ಟೈಪ್‌ರೈಟರ್ ಕಾಲದ ಒಂದು ಪ್ರಬಂಧ ನಮ್ಮಲ್ಲಿದೆ. ಒಂದು ಕೆರೆಯ ನೀರು, ಜೊಂಡು, ಮೀನು, ಹಕ್ಕಿ ಎಲ್ಲವನ್ನೂ ತಿಂಗಳು ತಿಂಗಳಿಗೆ ಎಣಿಸಿ ಕೋಷ್ಟಕ ಹಾಕಿದ್ದಾರೆ. ಓದಲು ಬಹಳ ಬೇಜಾರು. ವರ್ಷಗಟ್ಟಲೆ ಅದನ್ನು ಯಾರೂ ಕೇಳಿರಲಿಲ್ಲ. ಈಚೆಗೆ ಒಬ್ಬಳು ವಿದ್ಯಾರ್ಥಿನಿ ಬಂದು ಎರಡು ದಿನ ಅದರ ಮುಂದೆಯೇ ಕೂತು ಕೋಷ್ಟಕಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಈಗಿನ ನೀರಿನ ಜೊತೆ ಹೋಲಿಸಲು ಅವಳಿಗೆ ಹಳೇ ಲೆಕ್ಕ ಬೇಕಿತ್ತು. ಬೇರೆ ಎಲ್ಲೂ ಅದು ಇಲ್ಲವಂತೆ. ಯಾವ ಎಣಿಕೆ ಯಾವಾಗ ಬೇಕಾಗುತ್ತದೆ ಅಂತ ಎಣಿಸುವಾಗ ಗೊತ್ತಿರುವುದಿಲ್ಲ. ಅದಕ್ಕೇ ಎಲ್ಲರೂ ಒಂದೇ ಫ್ಯಾಶನ್ ವಿಷಯದ ಹಿಂದೆ ಓಡದೆ ಹತ್ತು ದಿಕ್ಕಿಗೆ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಪ್ಪು ನಮ್ಮ ಕಡೆಯೂ ಇದೆ. ‘ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಅಂತ ಬಾಲ ಅಂಟಿಸಿದ ಶೀರ್ಷಿಕೆ ನೋಡಿ ಓದುಗರು ಓಡಿಹೋದರೆ ಅವರನ್ನು ದೂರುವ ಹಾಗಿಲ್ಲ. ವೈವಾದಲ್ಲಿ, ಅಂದರೆ ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ, ಗಂಟೆಗಟ್ಟಲೆ ಉತ್ತರ ಕೊಡುವವರು ಮನೆಯವರಿಗೆ ಐದು ನಿಮಿಷದಲ್ಲಿ ಹೇಳಲು ತಡವರಿಸುತ್ತಾರೆ. ಪ್ರಬಂಧ ಸಲ್ಲಿಸುವಾಗಲೇ ಎಲ್ಲರಿಗೂ ತಿಳಿಯುವ ಒಂದು ಪುಟದ ಸಾರಾಂಶ ಕಡ್ಡಾಯ ಮಾಡಿದರೆ ಅರ್ಧ ಸಮಸ್ಯೆ ಕಡಿಮೆಯಾದೀತು.

ಇನ್ನರ್ಧ ನಿಮ್ಮ ಕೈಯಲ್ಲಿದೆ. ಘಟಿಕೋತ್ಸವ ಬಂದರೆ ಗೌನು ತೊಟ್ಟವರ ಫೋಟೊ, ಚಿನ್ನದ ಪದಕಗಳ ಎಣಿಕೆ, ಅತಿಥಿಗಳ ಭಾಷಣ ಎಲ್ಲ ಹಾಕುತ್ತೀರಿ. ಯಾರು ಏನು ಕಂಡುಹಿಡಿದರು ಅಂತ ಒಂದು ಸಾಲೂ ಇರುವುದಿಲ್ಲ. ವಾರಕ್ಕೊಂದು ಸಲ ಒಂದು ಕಾಲಂ ಬಿಟ್ಟುಕೊಡಿ. ಒಬ್ಬ ಸಂಶೋಧನಾರ್ಥಿಗೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಏನು ಗೊತ್ತಿರಲಿಲ್ಲ, ಹೇಗೆ ಹುಡುಕಿದಿರಿ, ಏನು ಸಿಕ್ಕಿತು? ಏನೂ ಸಿಗಲಿಲ್ಲ ಅಂದರೆ ಅದನ್ನೂ ಹಾಕಿ. ಆ ದಾರಿಯಲ್ಲಿ ಇನ್ನೊಬ್ಬರು ಸುಮ್ನೆ ಅಲೆಯುವುದು ತಪ್ಪುತ್ತದೆ.

ಇನ್ನೊಂದು ಮಾತು. 1967ರಲ್ಲಿ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಅನ್ನುವ ಪಿಎಚ್‌ಡಿ ವಿದ್ಯಾರ್ಥಿನಿ ರೇಡಿಯೊ ದೂರದರ್ಶಕ ಕಟ್ಟಲು ತಾನೂ ಸುತ್ತಿಗೆ ಹಿಡಿದಿದ್ದರು. ಅದು ದಿನಕ್ಕೆ ಸುಮಾರು ಮೂವತ್ತು ಮೀಟರ್ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದನ್ನೆಲ್ಲ ಕಣ್ಣಲ್ಲೇ ನೋಡುತ್ತಾ ಹೋದಾಗ ಅಂಗುಲವೂ ಇಲ್ಲದ ಒಂದು ಗೀಚು ಅವರ ಕಣ್ಣಿಗೆ ಬಿತ್ತು. ಅದೇ ಪಲ್ಸಾರ್, ಅಂದರೆ ಗಿರಗಿರ ತಿರುಗುತ್ತಾ ಲಯ ತಪ್ಪದೆ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ. ಪ್ರಬಂಧದ ವಿಷಯ ಬೇರೆ ಇದ್ದಿದ್ದರಿಂದ ಈ ದೊಡ್ಡ ಶೋಧ ಅನುಬಂಧಕ್ಕೆ ಹೋಯಿತು. 1974ರ ನೊಬೆಲ್ ಅವರ ಮಾರ್ಗದರ್ಶಕ ಆಂಟನಿ ಹ್ಯೂವಿಶ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಹೋಯಿತು. ಆದ್ದರಿಂದ ಆ ಕಾಲಂ ಶುರು ಮಾಡಿದರೆ, ಗೈಡ್ ಹೆಸರು ಹಾಕುವ ಮೊದಲು ವಿದ್ಯಾರ್ಥಿಯ ಹೆಸರು ಹಾಕಿ.

ಇಂತಿ,
ನಿಮ್ಮ ಓದುಗಳು, ಗ್ರಂಥಾಲಯ ಸಹಾಯಕಿ