ತಪಾಸಣೆಯಲ್ಲಿ ಸೋತ ಕಾರಿಗೆ ಅಳತೆಯ ಸಮೇತ ಕಾರಣ ಕೊಡಿ

ಮಾನ್ಯ ಸಂಪಾದಕರೇ,

ಹಳೆಯ ಕಾರುಗಳು ಕಾಲಕಾಲಕ್ಕೆ ತಪಾಸಣೆಗೆ ಒಳಪಡಬೇಕೆಂಬ ನಿಯಮ ಸರಿಯಾದದ್ದೇ. ಅದನ್ನು ಸಡಿಲಿಸಿ ಎಂದು ಕೇಳುವುದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಕಾರು ತೇರ್ಗಡೆಯಾಗದಿದ್ದಾಗ ಮಾಲೀಕರ ಕೈಗೆ ಬರುವ ವರದಿಯಲ್ಲಿ ‘ಬ್ರೇಕ್ ಸರಿಯಿಲ್ಲ’, ‘ಹೊಗೆ ಹೆಚ್ಚು’ ಎಂಬ ಒಂದು ಸಾಲಿನ ಷರಾ ಮಾತ್ರ ಇದ್ದರೆ ಸಾಲದು. ಯಂತ್ರ ತೋರಿಸಿದ ಅಳತೆ, ಇರಬೇಕಾದ ಮಿತಿ ಮತ್ತು ದೋಷ ಕಂಡ ಜಾಗ ಈ ಮೂರನ್ನೂ ಅದರಲ್ಲಿ ಕಡ್ಡಾಯವಾಗಿ ನಮೂದಿಸಬೇಕು ಎಂಬುದು ನನ್ನ ಕೋರಿಕೆ. ಹಳೆಯ ಕಾರು ಇಟ್ಟುಕೊಂಡವರಲ್ಲಿ ಅನೇಕರು ಚಿಕ್ಕಪುಟ್ಟ ರಿಪೇರಿಯನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಅವರ ಶ್ರಮ ಸರಿಯಾದ ಜಾಗಕ್ಕೆ ಸಲ್ಲುವುದೂ ವ್ಯರ್ಥವಾಗುವುದೂ ಈ ವಿವರಗಳ ಮೇಲೆಯೇ ನಿಂತಿದೆ.

ಬ್ರೇಕಿನ ವಿಚಾರವನ್ನೇ ನೋಡಿ. ಚಕ್ರಗಳನ್ನು ರೋಲರ್ ಮೇಲೆ ತಿರುಗಿಸುವ ಯಂತ್ರವು ಪ್ರತಿ ಚಕ್ರದ ಬ್ರೇಕ್ ಹಿಡಿತವನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಆ ಅಂಕಿಗಳು ಸಿಕ್ಕದಿದ್ದರೆ ಮಾಲೀಕರು ನಾಲ್ಕೂ ಚಕ್ರಗಳ ಪ್ಯಾಡ್ ಬದಲಿಸಿ, ಮತ್ತೆ ಅದೇ ಷರಾ ಪಡೆದು ಮರಳುವ ಸಂಭವವೇ ಹೆಚ್ಚು. ಮುಂದಿನ ಎಡಚಕ್ರದ ಹಿಡಿತ ಬಲಚಕ್ರಕ್ಕಿಂತ ಇಷ್ಟು ಕಡಿಮೆ ಎಂದು ಬರೆದುಕೊಟ್ಟರೆ ಆ ಒಂದು ಚಕ್ರವನ್ನು ಮೊದಲು ಬಿಚ್ಚಿ ನೋಡಬಹುದು. ಬಹಳಷ್ಟು ಕಾರುಗಳಲ್ಲಿ, ಪಿಸ್ಟನ್ನಿನ ಬಲದಿಂದ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರುವಂತಿರುತ್ತದೆ. ಪಿನ್ನಿನ ರಬ್ಬರ್ ಮುಸುಕು ಹರಿದು ನೀರು ನುಗ್ಗಿ, ಗ್ರೀಸ್ ಒಣಗಿ ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದನ್ನು ನಿಲ್ಲಿಸುತ್ತದೆ; ಆಗ ಪಿಸ್ಟನ್ ಕಡೆಯ ಪ್ಯಾಡ್ ಬೇಗ ಸವೆದು ಹೊರಗಿನ ಪ್ಯಾಡ್ ದಪ್ಪಗೇ ಉಳಿದಿರುತ್ತದೆ. ಇದನ್ನು ಬರಿಗಣ್ಣಿನಿಂದಲೇ ಕಾಣಬಹುದು. ಪಿನ್ ತೆಗೆದು ತುಕ್ಕು ಉಜ್ಜಿ, ರಬ್ಬರನ್ನು ಉಬ್ಬಿಸದಂಥ, ಬ್ರೇಕಿಗೆಂದೇ ತಯಾರಾದ ಗ್ರೀಸ್ ಸವರಿ, ಹರಿದ ಮುಸುಕನ್ನು ಬದಲಿಸಿ, ಸವೆದ ಪ್ಯಾಡುಗಳನ್ನು ಎರಡೂ ಬದಿಗೆ ಜೋಡಿಯಾಗಿ ಹಾಕಿದರೆ ಹಿಡಿತ ಸರಿಹೋಗುತ್ತದೆ. ತಾಳ್ಮೆಯಿರುವ ಯಾರಾದರೂ ಕಲಿಯಬಹುದಾದ ಕೆಲಸ ಇದು.

ಹೊಗೆಯ ಪರೀಕ್ಷೆಯಲ್ಲಿ ಅಂಕಿಗಳ ಬೆಲೆ ಇನ್ನೂ ಹೆಚ್ಚು. ಪೆಟ್ರೋಲ್ ಎಂಜಿನ್ನಿನಲ್ಲಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಸೇರಿದಾಗ ಸೈಲೆನ್ಸರ್ ಕೊಳವೆಯಲ್ಲಿದ್ದು ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಸ್ಥಿತಿಯನ್ನೇ ಲ್ಯಾಂಬ್ಡಾ 1 ಎನ್ನುತ್ತಾರೆ. ಲ್ಯಾಂಬ್ಡಾ 1ಕ್ಕಿಂತ ಕೆಳಗಿದ್ದು ಕಾರ್ಬನ್ ಮಾನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ಸೋರುವ ಇಂಜೆಕ್ಟರ್ ಅಥವಾ ಮಂಕಾದ ಆಕ್ಸಿಜನ್ ಸೆನ್ಸರ್ ಇದಕ್ಕೆ ಕಾರಣವಾಗಿರಬಹುದು. ಹೈಡ್ರೋಕಾರ್ಬನ್ ವಿಪರೀತವಿದ್ದರೆ ಇಂಧನ ಉರಿಯದೆಯೇ ಹೊರಬರುತ್ತಿರುತ್ತದೆ. ಮೊದಲು ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್ ನೋಡಬೇಕು. ಲ್ಯಾಂಬ್ಡಾ 1ನ್ನು ದಾಟಿದ್ದರೆ ಎಲ್ಲೋ ಹೊರಗಾಳಿ ನುಸುಳುತ್ತಿರಬಹುದು. ಬಿರುಕು ಬಿಟ್ಟ ರಬ್ಬರ್ ಕೊಳವೆಯನ್ನೋ ಸೈಲೆನ್ಸರಿನ ಸಡಿಲ ಜಾಯಿಂಟನ್ನೋ ಹುಡುಕಬೇಕು. ಮೂರು ಅಂಕಿಗಳು ಮೂರು ಬೇರೆ ದಾರಿಗಳನ್ನು ತೋರಿಸುವಾಗ ‘ಹೊಗೆ ಹೆಚ್ಚು’ ಎಂಬ ಷರಾ ಯಾವ ದಾರಿಯನ್ನೂ ತೋರಿಸುವುದಿಲ್ಲ. ಅಂದ ಹಾಗೆ, ಕನ್ವರ್ಟರ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗದೆ ಸರಿಯಾಗಿ ಕೆಲಸ ಆರಂಭಿಸುವುದಿಲ್ಲ. ಆದ್ದರಿಂದ ತಣ್ಣಗಿರುವ ಎಂಜಿನ್ನಿನ ಮೇಲೆ ಈ ಪರೀಕ್ಷೆ ನಡೆಸುವುದು ನ್ಯಾಯವಲ್ಲ.

ವಿವರ ಸಿಗದ ಮಾಲೀಕರು ದೋಷದ ಬದಲು ದೋಷದ ಗುರುತನ್ನು ಅಳಿಸಲು ಹೊರಡುವುದೂ ಉಂಟು. ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಎಂಜಿನ್ ದೀಪವನ್ನು ಆರಿಸಲು ತಪಾಸಣೆಯ ಹಿಂದಿನ ದಿನ ಬ್ಯಾಟರಿ ತಂತಿ ಕಳಚುವುದು, ಸ್ಕ್ಯಾನರ್ ಹಾಕಿ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಅಳಿಸುವುದು ಈ ಬಗೆಯವು. ಹೀಗೆ ಮಾಡಿದಾಗ ಕಾರಿನ ಕಂಪ್ಯೂಟರ್ ತನ್ನ ಸ್ವಯಂಪರೀಕ್ಷೆಗಳ ಫಲಿತಾಂಶಗಳನ್ನೂ ಮರೆಯುತ್ತದೆ, ಮತ್ತು ಪರೀಕ್ಷೆಗಳು ಪೂರ್ಣವಾಗಿಲ್ಲ ಎಂಬುದು ತಪಾಸಕರ ಸ್ಕ್ಯಾನರಿಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ಕೆಟ್ಟ ಭಾಗ ಕೆಟ್ಟೇ ಇರುತ್ತದೆ. ಒಂದು ದಿನದ ತೇರ್ಗಡೆಗಾಗಿ ಮಾಡುವ ಇಂಥ ರಿಪೇರಿಯನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಆ ಕಾರಿನಲ್ಲಿ ಕೂರುವವರು ನಮ್ಮ ಮನೆಯವರೇ.

ಮನೆಯಲ್ಲಿ ಕಾರು ಬಿಚ್ಚುವುದೇ ಅಪಾಯ ಎನ್ನುವವರ ಆತಂಕ ನಿರಾಧಾರವಲ್ಲ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ನುಸುಳುವುದು ಪ್ರಾಣಾಪಾಯ. ಗಟ್ಟಿ, ಸಮತಟ್ಟಾದ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡೆ ಇಟ್ಟಲ್ಲದೆ ಕೈಹಾಕಬಾರದು. ಏರ್‌ಬ್ಯಾಗ್ ಕೆಲಸವನ್ನೂ, ಕಾರಿನ ಭಾರ ಹೊರುವ ಭಾಗದಲ್ಲಿ ತುಕ್ಕು ತಿಂದು ಬಿದ್ದ ತೂತನ್ನೂ ಪರಿಣತರಿಗೇ ಬಿಡಬೇಕು. ಅಂಥ ತೂತನ್ನು ಪುಟ್ಟಿ ಮೆತ್ತಿ ಮುಚ್ಚಿ ಬಣ್ಣ ಬಳಿಯುವುದು ಶುದ್ಧ ವಂಚನೆ. ಆದರೆ ಮನೆಯಲ್ಲಿ ಯಾವುದಾಗುತ್ತದೆ, ಯಾವುದನ್ನು ಗ್ಯಾರೇಜಿಗೆ ಒಯ್ಯಬೇಕು ಎಂದು ಮಾಲೀಕರು ತೀರ್ಮಾನಿಸಬೇಕಾದರೂ ವರದಿ ಸ್ಪಷ್ಟವಾಗಿರಬೇಕಲ್ಲವೇ? ‘ತುಕ್ಕು ಇದೆ’ ಎಂದಷ್ಟೇ ಬರೆದರೆ ಅದು ಬಾಗಿಲಿನ ಅಂಚಿನ ಮೇಲ್ತುಕ್ಕೋ, ಸಸ್ಪೆನ್ಷನ್ ಕೂರುವ ಜಾಗದ ತೂತೋ ತಿಳಿಯುವುದಿಲ್ಲ. ‘ಹೆಡ್‌ಲೈಟ್ ಮಂದ’ ಎಂಬುದೂ ಅಷ್ಟೇ. ಬಿಸಿಲಿಗೆ ಹಳದಿಗಟ್ಟಿದ ಪ್ಲಾಸ್ಟಿಕ್ ಮುಖವನ್ನು ನಯವಾದ ಎಮರಿ ಕಾಗದದಿಂದ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ನೇರಳಾತೀತ ಕಿರಣ ತಡೆಯುವ ಲೇಪ ಕೊಟ್ಟರೆ ಬೆಳಕು ಮರಳುತ್ತದೆ. ಅರ್ಥ್ ತಂತಿಯ ತುದಿಗೆ ಕಿಲುಬು ಹಿಡಿದು ಬಲ್ಬಿಗೆ ಪೂರ್ಣ ವೋಲ್ಟೇಜ್ ಸಿಗದಿದ್ದರೆ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ.

ತಪಾಸಣೆಯ ಯಂತ್ರಗಳಲ್ಲಿ ಈ ಅಂಕಿಗಳೆಲ್ಲ ಆಗಲೇ ದಾಖಲಾಗಿರುವುದರಿಂದ, ಅವನ್ನು ಮುದ್ರಿಸಿ ಕೊಡಲು ಹೊಸ ಉಪಕರಣವೇನೂ ಬೇಕಾಗದು. ಕಣ್ಣಿನಿಂದ ಕಂಡ ದೋಷವಾದರೆ ಎಡ-ಬಲ, ಮುಂದೆ-ಹಿಂದೆ ಎಂಬ ಗುರುತಿನ ಜೊತೆ ಒಂದು ಫೋಟೊ ಲಗತ್ತಿಸಬಹುದು. ಟಯರಿನ ವಿಷಯದಲ್ಲಿ ತೋಡಿನ ಆಳ 1.6 ಮಿಲಿಮೀಟರಿಗಿಂತ ಎಷ್ಟು ಕಡಿಮೆಯಿದೆ, ಯಾವ ಅಂಚಿನಲ್ಲಿ ಸವೆದಿದೆ ಎಂದು ಬರೆದರೆ ಮಾಲೀಕರು ಟಯರ್ ಬದಲಿಸುವ ಮುನ್ನ ಅಲೈನ್‌ಮೆಂಟ್ ಕೂಡ ನೋಡಿಸಿಕೊಳ್ಳುತ್ತಾರೆ. ವರದಿಯ ನಮೂನೆಯಲ್ಲಿ ಈ ಅಂಕಣಗಳನ್ನು ಸೇರಿಸುವಂತೆ ಸಂಬಂಧಪಟ್ಟ ಅಧಿಕಾರಿಗಳನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

ಇಂತಿ,
ಹಳೆಯ ಕಾರೊಂದರ ಮಾಲೀಕ